ಗಾಡಿ ಓಡಿಸಿದವನ ಕೂಗು

“ಗುರುಗಳೇ, ನಾನು ಪ್ರವಚನಕ್ಕೆ ಕುಳಿತಾಗಲೆಲ್ಲ ನೀವು ಎದ್ದು ಹೊರಗೆ ಹೋಗುತ್ತೀರಿ. ನನ್ನ ಮಾತು ಕೇಳಲಾರದಷ್ಟು ಕೆಟ್ಟದಾಗಿದೆಯೇ?” ಎಂದು ಶಿಷ್ಯ ಕೇಳಿದ. ಗುರುಗಳು ತಾವು ಕೂರುತ್ತಿದ್ದ ಜಾಗದಲ್ಲಿ ಅವನನ್ನು ಕೂರಿಸಿ ಇನ್ನೂ ತಿಂಗಳಾಗಿರಲಿಲ್ಲ. ಮಠ ಬಿಟ್ಟು ಹೋಗುವುದೆಂದು ನಿಶ್ಚಯಿಸಿ ಅವನು ತನ್ನ ಬಟ್ಟೆಯ ಗಂಟನ್ನೂ ಕಟ್ಟಿಯಾಗಿತ್ತು.

“ಗಂಟು ಕಟ್ಟಿದ್ದಾಯಿತಲ್ಲ, ಇನ್ನೇನು ಅವಸರ? ಕುಳಿತುಕೋ” ಎಂದು ಗುರುಗಳು ನಕ್ಕರು. ಆಮೇಲೆ ಕತೆ ಹೇಳಿದರು.

ಒಬ್ಬ ಗಾಡಿ ಓಡಿಸುವವನಿದ್ದ. ಎತ್ತಿನ ಗಾಡಿಯ ಪಂದ್ಯದಲ್ಲಿ ಅವನು ಹಗ್ಗ ಹಿಡಿದನೆಂದರೆ ಉಳಿದವರು ಎರಡನೆಯ ಬಹುಮಾನಕ್ಕೆ ಓಡಬೇಕಿತ್ತು. ಎತ್ತು ಯಾರದೋ, ಗಾಡಿ ಯಾರದೋ. ಹೆಸರು ಮಾತ್ರ ಇವನದು. ಒಮ್ಮೆ ಗಾಡಿ ಮಗುಚಿ ಸೊಂಟ ಮುರಿಯಿತು. ಮತ್ತೆ ನಡೆಯುವಂತಾದ, ಆದರೆ ಓಡುವ ಗಾಡಿಯ ಮೇಲೆ ನಿಲ್ಲುವಂತಾಗಲಿಲ್ಲ. ಜಗಲಿಯ ಮೇಲೆ ಕೂತು ಹಳೆಯ ಗೆಲುವುಗಳನ್ನು ಹೇಳಿಕೊಂಡು ಕಾಲ ಕಳೆಯಬಹುದಿತ್ತು. ಅದು ಅವನ ಜಾಯಮಾನವಲ್ಲ. ಎರಡು ಕರುಗಳನ್ನು ಕೊಂಡು ತಾನೇ ಯಜಮಾನನಾದ.

ಕರುಗಳ ಜೊತೆ ಓಡಲು ಅವನಿಂದ ಆಗುತ್ತಿರಲಿಲ್ಲ. ಹೊಲದ ಒಂದು ತುದಿಯಲ್ಲಿ ಅವನ್ನು ಬಿಡಿಸಿ, ಇನ್ನೊಂದು ತುದಿಯಲ್ಲಿ ನಿಂತು “ಬನ್ರೋ, ಬನ್ರೋ” ಎಂದು ಕೂಗುತ್ತಿದ್ದ. ಓಡಿ ಬಂದರೆ ಬೆಲ್ಲ ತಿನ್ನಿಸುತ್ತಿದ್ದ. ಬಾರುಕೋಲು ಎತ್ತಲಿಲ್ಲ, ಬಾಲ ತಿರುಚಲಿಲ್ಲ. ಆ ಕೂಗು ಕಿವಿಗೆ ಬಿದ್ದರೆ ಸಾಕು, ಅವು ಮೇವು ಬಿಟ್ಟು ಅವನ ಬಳಿಗೆ ಓಡಿ ಬರುತ್ತಿದ್ದವು. ಹಾಗೆಯೇ ಓಟ ಕಲಿತವು.

ಕರುಗಳು ಎತ್ತುಗಳಾದವು. ಗಾಡಿ ಓಡಿಸಲು ಒಬ್ಬ ತರುಣನನ್ನು ಗೊತ್ತುಮಾಡಿಕೊಂಡ. ತನಗೆ ತಿಳಿದದ್ದನ್ನೆಲ್ಲ ಅವನಿಗೆ ಕಲಿಸಿದ, ಏನನ್ನೂ ಬಚ್ಚಿಡಲಿಲ್ಲ. ಪಂದ್ಯದ ದಿನ ಬಂತು. ಓಟದ ಕೊನೆಯ ಗೆರೆಯ ಬಳಿ ಎತ್ತಿನ ಕಡೆಯವರು ಯಾರೂ ನಿಲ್ಲಬಾರದೆಂಬುದು ಅಲ್ಲಿನ ಕಟ್ಟಳೆ. ಆದ್ದರಿಂದ ಯಜಮಾನ ನಡುದಾರಿಯಲ್ಲಿ, ಬೇಲಿಯ ಪಕ್ಕ ನಿಂತ. ಅವನ ಎತ್ತುಗಳು ಎಲ್ಲಕ್ಕಿಂತ ಮುಂದಿದ್ದವು. ಅವನ ಹತ್ತಿರ ಬಂದವೋ ಇಲ್ಲವೋ, ದಾರಿ ಬಿಟ್ಟು ಬೇಲಿಗೆ ನುಗ್ಗಿದವು. ಗಾಡಿ ಉರುಳಿತು. ತರುಣನ ತೋಳು ಮುರಿಯಿತು.

ಯಜಮಾನ ಕೆಂಡಾಮಂಡಲವಾದ. ಇನ್ನು ನಿನ್ನ ಕೈಗೆ ಹಗ್ಗ ಕೊಡುವುದಿಲ್ಲ ಎಂದು ಹೇಳಿ ಬರಲು ತರುಣನ ಮನೆಗೇ ಹೋದ.

“ನೆಟ್ಟಗಿರೋ ದಾರೀಲಿ ಹಗ್ಗ ಹಿಡಿಯೋಕೆ ಬರಲ್ವೇನೋ ನಿಂಗೆ?”

“ಬಿಗಿಯಾಗೇ ಹಿಡಿದಿದ್ದೆ ಅಣ್ಣಾ. ನೀವು ಕರೆದ್ರಿ, ಅವು ಬಂದ್ವು.”

“ನಾನೆಲ್ಲಿ ಕರೆದೆ?”

“ಊರಿಗೆಲ್ಲ ಕೇಳಿಸ್ತು ಅಣ್ಣಾ. ನಿಮಗೊಬ್ಬರಿಗೇ ಕೇಳಿಸ್ಲಿಲ್ಲ.”

ಯಜಮಾನ ಹಾಸಿಗೆಯ ಪಕ್ಕ ಕುಸಿದು ಕುಳಿತ. ಪಾಪ, ಅವನು ಬೇಕೆಂದು ಕೂಗಿದವನಲ್ಲ. ತಾನು ಸಾಕಿದ ಎತ್ತುಗಳು ಎದುರಿಗೆ ಓಡಿ ಬರುವುದನ್ನು ಕಂಡಾಗ ಬಾಯಿ ತಾನಾಗಿಯೇ ತೆರೆದುಕೊಂಡಿತ್ತು. ಹೇಳಬೇಕೆಂದು ಬಂದ ಮಾತನ್ನು ಹೇಳದೆ, ತರುಣನ ಮುರಿದ ತೋಳನ್ನು ಸವರಿ ಎದ್ದು ಹೋದ.

ಮರುವರ್ಷದ ಹೊತ್ತಿಗೆ ತೋಳು ಕೂಡಿಕೊಂಡಿತು. ಪಂದ್ಯದ ಬೆಳಿಗ್ಗೆ ಯಜಮಾನ ತಾನೇ ಎತ್ತುಗಳ ಮೈ ತೊಳೆದ, ತಾನೇ ನೊಗಕ್ಕೆ ಕಟ್ಟಿದ, ಹಗ್ಗವನ್ನು ತರುಣನ ಕೈಗೆ ಕೊಟ್ಟ. ಆಮೇಲೆ ಕುಂಟುತ್ತ ಕೆರೆಯ ಏರಿ ದಾಟಿ ಹೋದ. ಸೋಲಿನ ಭಯಕ್ಕೆ ಓಡಿಹೋದನೆಂದು ಜನ ಆಡಿಕೊಂಡರು. ಅವನಾದರೋ ಏರಿಯ ಆಚೆ, ಓಟ ಕಾಣದ ಕಡೆ, ಬಾಯಿಗೆ ಹೆಗಲ ವಸ್ತ್ರ ತುರುಕಿಕೊಂಡು ಕುಳಿತಿದ್ದ. ಅಷ್ಟು ವರ್ಷ ಗಾಡಿ ಓಡಿಸಿದರೂ ಅವನ ಎದೆ ಎಂದೂ ಹಾಗೆ ಹೊಡೆದುಕೊಂಡಿರಲಿಲ್ಲ.

ಎತ್ತುಗಳು ದಾರಿ ಬಿಡಲಿಲ್ಲ. ಎಲ್ಲರಿಗಿಂತ ಮೊದಲು ಗೆರೆ ದಾಟಿದವು. ಜನ ತರುಣನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಯಜಮಾನನನ್ನು ಆಗ ಯಾರೂ ನೆನೆಯಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನ ಮುನಿಸು ಇಳಿದಿತ್ತು. “ಅಯ್ಯೋ ಪಾಪ, ಅಷ್ಟು ಪ್ರೀತಿಯಿಂದ ಸಾಕಿದವನಿಗೇ ಆ ಓಟ ದಕ್ಕಲಿಲ್ಲವಲ್ಲ!” ಎಂದ.

“ಯಾರು ಹೇಳಿದರು? ಗೋಡೆಯ ಆಚೆ ನಿಂತು ನಿನ್ನ ಒಂದು ಪ್ರವಚನವನ್ನೂ ಬಿಡದೆ ಕೇಳಿದ್ದೇನೆ” ಎಂದರು ಗುರುಗಳು.

ಶಿಷ್ಯ ತನ್ನ ಬಟ್ಟೆಯ ಗಂಟನ್ನು ಬಿಚ್ಚತೊಡಗಿದ.