ಕೊಕ್ಕರೆ ಪಂಡಿತರು ಕಂಡುಹಿಡಿದ ಮೂಲಭಾಷೆ

ಆಲದ ಪೊಟರೆಯಲ್ಲಿ ಗೊರವಂಕದ ಮರಿ ಮೊಟ್ಟೆಯೊಡೆದು ಹೊರಬಂದ ದಿನವೇ ಕೊಕ್ಕರೆ ಪಂಡಿತರು ಎದುರಿನ ಕೊಂಬೆಗೆ ಬಂದಿಳಿದರು. "ತಾಯೀ, ಯಾರೂ ಕಲಿಸದಿದ್ದರೆ ಮರಿ ತಾನಾಗಿ ಯಾವ ಭಾಷೆ ಆಡುತ್ತದೆಂದು ನಾನು ತಿಳಿಯಬೇಕು. ಅದು ಮಾತಾಡುವವರೆಗೆ ನೀವು ಬಾಯಿಬಿಡಕೂಡದು," ಎಂದರು.

ಪಂಡಿತರ ಮಾತು ಮೀರುವುದುಂಟೇ ಎಂದು ತಾಯಿ ಗೊರವಂಕ ಕೊಕ್ಕು ಬಿಗಿಹಿಡಿದಳು. ಮರಿಯ ಮೇಲೆ ಮುದ್ದು ಉಕ್ಕಿದಾಗಲೆಲ್ಲ ಗಂಟಲಿಗೆ ಬಂದ ಮಾತನ್ನು ನುಂಗಿಕೊಂಡಳು. ಅಳಿಲು ಕೀಚಲಿ, ಎಲೆ ಉದುರಲಿ, ಪಂಡಿತರು ಮಾತ್ರ "ಸುಮ್ಮನಿರಿ!" ಎಂದು ಗುಡುಗುತ್ತಿದ್ದರು.

ಕೊನೆಗೊಂದು ಬೆಳಿಗ್ಗೆ ಮರಿ ತಾಯಿಯನ್ನೇ ದಿಟ್ಟಿಸಿ, "ಸುಮ್ಮನಿರಿ!" ಎಂದು ಗುಡುಗಿತು.

ತಾಯಿ ಬೆಚ್ಚಿ ಹಿಂದೆ ಸರಿದಳು. ಪಂಡಿತರು ಕುಣಿದಾಡಿದರು. "ಸಿಕ್ಕಿತು! ಹಕ್ಕಿಕುಲದ ಮೂಲಭಾಷೆ ಸಿಕ್ಕಿತು!"

"ಅದು ನಿಮ್ಮದೇ ಮಾತಲ್ಲವೇ, ಸ್ವಾಮಿ?"

"ಹೌದಮ್ಮ! ಅಂದರೆ ನಾನು ಹುಟ್ಟಿದಾಗಿನಿಂದ ಮೂಲಭಾಷೆಯನ್ನೇ ಆಡುತ್ತಿದ್ದೇನೆ ಎಂದಾಯಿತು!" ಎನ್ನುತ್ತ ಅವರು ಕೆರೆಕೆರೆಗೂ ಡಂಗುರ ಸಾರಲು ಹಾರಿಹೋದರು.

ತಾಯಿ ಮರಿಯ ಪಕ್ಕ ಕೂತು, ಕಟ್ಟಿಟ್ಟಿದ್ದ ಮಾತನ್ನೆಲ್ಲ ಸುರಿದಳು. "ಹಸಿವಾಯ್ತಾ ಬಂಗಾರ? ಮಿಡತೆ ತಿಂತೀಯಾ? ನೋಡಿಲ್ಲಿ, ಇದು ರೆಕ್ಕೆ, ಅದು ಆಕಾಶ." ಮರಿ ಎಷ್ಟು ಗದರಿದರೂ ಅವಳು ನಿಲ್ಲಿಸಲಿಲ್ಲ. ಸಂಜೆಯ ಹೊತ್ತಿಗೆ ಅದು ಬಾಯಗಲಿಸಿ, "ಅಮ್ಮಾ, ಇನ್ನೊಂದು ಮಿಡತೆ," ಎಂದಿತು.