ಕೆಂಪು ಸುತ್ತು

"ಬುದ್ಧಿ, ಅನ್ಯಾಯ ಕಂಡಾಗ ಅದನ್ನು ಎಲ್ಲರ ಕಣ್ಣಿಗೂ ಬೀಳುವ ಹಾಗೆ ತೋರಿಸುವುದು ತಪ್ಪೇ?"

ಕೇಳಿದವನು ಮಠದ ಶಿಷ್ಯ ಗುರುಪಾದ. ಮಧ್ಯಾಹ್ನದ ದಾಸೋಹ ಆಗಷ್ಟೇ ಮುಗಿದಿತ್ತು. ಕೊರೊನಾ ಕಾಲವಾದ್ದರಿಂದ ಊಟಕ್ಕೆ ಬರುವವರ ಸಾಲು ಉದ್ದವಾಗಿತ್ತು. ಬೆಳಗಿನಿಂದ ನಿಂತೇ ಇದ್ದ ಗುರುಗಳು ಕಂಬಕ್ಕೆ ಒರಗಿ ಕೂತಿದ್ದರು.

ಗುರುಪಾದ ಮುಂದುವರಿಸಿದ. "ಒಂದು ಶಾಲೆಯವರು ಹೊರಗಿನಿಂದ ಬಂದ ಮಗುವೊಂದನ್ನು ಅದರ ಮುಖಚಹರೆಗಾಗಿ ಗೇಲಿ ಮಾಡಿ ಫೋಟೋ ಹಾಕಿದ್ದರು. ನಾನು ಆ ಮಗುವಿನ ಮುಖಕ್ಕೆ ಕೆಂಪು ಸುತ್ತು ಹಾಕಿ, ನಾಲ್ಕು ಮಾತು ಬರೆದು ಫೇಸ್‌ಬುಕ್ಕಿಗೆ ಹಾಕಿದೆ. ಜನ ರೊಚ್ಚಿಗೆದ್ದರು. ಶಾಲೆ ಕ್ಷಮೆ ಕೇಳಿತು. ಈಗ ಯಾರೋ ಅದನ್ನು ತೆಗೆದುಬಿಡು ಅನ್ನುತ್ತಿದ್ದಾರೆ. ತೆಗೆದರೆ ಅನ್ಯಾಯವನ್ನೇ ಮುಚ್ಚಿಹಾಕಿದ ಹಾಗಲ್ಲವೇ?"

ಗುರುಗಳು ಕಣ್ಣು ಮುಚ್ಚಿಕೊಂಡೇ ಹೇಳಿದರು. "ನನಗೆ ಸಾಕಾಗಿದೆ ಕಣಪ್ಪ. ಈ ರೋಗಕ್ಕಿಂತ ಹೆಚ್ಚಾಗಿ ನಮ್ಮ ಜನರಿಂದ ಸಾಕಾಗಿದೆ. ಕೆಟ್ಟವರಿಂದಲೂ ಸಾಕಾಗಿದೆ, ಒಳ್ಳೆಯವರಿಂದಲೂ ಸಾಕಾಗಿದೆ. ಕೂತುಕೋ, ಒಂದು ಕತೆ ಹೇಳುತ್ತೇನೆ."

ಒಂದು ಊರಿನಲ್ಲಿ ಒಬ್ಬ ಮೇಷ್ಟ್ರಿದ್ದರು. ಕೆಟ್ಟವರೇನಲ್ಲ. ಮಕ್ಕಳ ಕೈಲಿ ನಾಟಕ ಆಡಿಸುವುದೆಂದರೆ ಅವರಿಗೆ ಪ್ರಾಣ. ರೋಗದ ಮೊದಲ ಅಲೆ ಇಳಿದು ಶಾಲೆ ಬಾಗಿಲು ತೆರೆದಾಗ ಅವರು 'ಕೊರೊನಾಸುರ ವಧೆ' ಎಂಬ ನಾಟಕ ಬರೆದರು. ಮಕ್ಕಳು ದೂರ ದೂರ ನಿಲ್ಲಲಿ ಎಂದು ಮೈದಾನದಲ್ಲಿ ಸುಣ್ಣದ ಪುಡಿಯಿಂದ ತಾವೇ ಸುತ್ತುಗಳನ್ನು ಎಳೆದರು. ಒಂದೊಂದು ಸುತ್ತಿನಲ್ಲಿ ಪೊರಕೆ ಹಿಡಿದ ಒಂದೊಂದು ಮಗು. ನಡುವಿನ ದೊಡ್ಡ ಸುತ್ತು ಅಸುರನಿಗೆ.

ಆ ಶಾಲೆಯಲ್ಲಿ ಒಬ್ಬಳು ಹುಡುಗಿಯಿದ್ದಳು. ತಾಯಿ ಈಶಾನ್ಯದ ಬೆಟ್ಟಗಳ ಕಡೆಯಿಂದ ಬಂದವಳು, ಬ್ಯೂಟಿ ಪಾರ್ಲರಿನಲ್ಲಿ ಕೆಲಸ. ಮಗಳು ಹುಟ್ಟಿದ್ದು ಇದೇ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ. ಅವಳಿಗೆ ಕುಣಿಯುವ ಹುಚ್ಚು. ಪ್ರತಿ ವರ್ಷ ನಾಟಕದಲ್ಲಿ ಪಾತ್ರ ಕೇಳುತ್ತಿದ್ದಳು. ಪ್ರತಿ ವರ್ಷ ಮರದ ವೇಷ ಕೊಡುತ್ತಿದ್ದರು. ರಟ್ಟಿನ ಮರದ ಹಿಂದೆ ಮುಖ ಮುಚ್ಚಿಕೊಂಡು ಅಲ್ಲಾಡದೆ ನಿಂತಿರುವುದು, ಅಷ್ಟೇ. ಈ ಸಲ ಮಾತ್ರ ಮೇಷ್ಟ್ರೇ ಕರೆದರು.

"ಅಸುರ ನೀನೇ ಆಗಮ್ಮ. ನಿನಗೆ ಬಣ್ಣಾನೂ ಬೇಕಿಲ್ಲ ನೋಡು, ದೇವರೇ ಕಣ್ಣು ಬರೆದು ಕಳಿಸಿದಾನೆ!"

ಎಲ್ಲರೂ ನಕ್ಕರು. ಹುಡುಗಿಯೂ ನಕ್ಕಳು. ಕೊನೆಗೂ ಕುಣಿಯುವ ಪಾತ್ರ ಸಿಕ್ಕಿತಲ್ಲ ಎಂಬ ಖುಷಿ ಅವಳದು. ತಲೆಗೆ ಮುಳ್ಳು ಮುಳ್ಳಾದ ಕಿರೀಟ ಕಟ್ಟಿದರು. ಕೊರಳಿಗೆ 'ನಾನು ಚೀನಾದಿಂದ ಬಂದೆ' ಎಂದು ಬರೆದ ರಟ್ಟು ನೇತುಹಾಕಿದರು. ಅವಳು ಮನಸಾರೆ ಕುಣಿದಳು. ಕಡೆಯಲ್ಲಿ ಮೇಷ್ಟ್ರು ಅವಳ ಮಾಸ್ಕ್ ತೆಗೆಸಿ, ಸುತ್ತಲಿನ ಮಕ್ಕಳಿಂದ ಪೊರಕೆ ಎತ್ತಿಸಿ ಫೋಟೋ ಹಿಡಿದರು. ಶಾಲೆಯ ಫೇಸ್‌ಬುಕ್ ಪುಟಕ್ಕೂ ಹಾಕಿದರು.

ಸಂಜೆಯೊಳಗೆ ಬೆಂಕಿ ಹತ್ತಿಕೊಂಡಿತು. ಹತ್ತಿಕೊಳ್ಳಬೇಕಾದ್ದೇ. ಆ ದಿನಗಳಲ್ಲಿ ಅಂಥ ಮುಖದವರನ್ನು ಕಂಡರೆ ಬೀದಿಯಲ್ಲಿ ಜನ ಕೊರೊನಾ ಎಂದು ಕೂಗುತ್ತಿದ್ದರು, ಬಾಡಿಗೆ ಮನೆ ಬಿಡಿಸುತ್ತಿದ್ದರು. ಇದೆಲ್ಲ ಗೊತ್ತಿದ್ದೂ ಮೇಷ್ಟ್ರಿಗೆ ಹೊಳೆಯಲಿಲ್ಲವಲ್ಲ ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ.

ಅದೇ ಊರಿನಲ್ಲಿ ಒಬ್ಬ ಯುವಕನಿದ್ದ. ನಿನ್ನ ಹಾಗೆಯೇ ಒಳ್ಳೆಯ ಹುಡುಗ. ಯಾರ ಕಣ್ಣಿಗೂ ತಪ್ಪಬಾರದು ಎಂದು ಅವನು ಹುಡುಗಿಯ ಮುಖಕ್ಕೆ ಕೆಂಪು ಸುತ್ತು ಹಾಕಿ ಊರಿಗೆಲ್ಲ ಹಂಚಿದ. ಶಾಲೆಯವರು ಹಾಕಿದ್ದ ಫೋಟೋ ನೋಡಿದವರು ಕೆಲವರು. ಇವನದು ಮನೆಮನೆಗೆ ಹೋಯಿತು. ಶಾಲೆಯವರು ಹೆದರಿ ತಮ್ಮ ಫೋಟೋ ತೆಗೆದರು, ಮೇಷ್ಟ್ರನ್ನೂ ಕೆಲಸದಿಂದ ತೆಗೆದರು.

ಹುಡುಗಿಯ ತಾಯಿ ಯುವಕನ ಮನೆ ಹುಡುಕಿಕೊಂಡು ಹೋದಳು.

"ಸಾರ್, ಸ್ಕೂಲಿನವರು ಫೋಟೋ ತೆಗೆದ್ರು. ನೀವೂ ತೆಗೀರಿ."

"ನಾನು ನಿಮ್ಮ ಪರವಾಗಿಯೇ ಹೋರಾಡ್ತಿರೋದು ಅಮ್ಮ. ಅದನ್ನ ತೆಗೆದ್ರೆ ಸಾಕ್ಷಿ ಎಲ್ಲಿ?"

ತಾಯಿ ಕಣ್ಣು ಒರೆಸಿಕೊಂಡು ಎದ್ದು ಬಂದಳು. ಅವಳ ಕಣ್ಣೀರಿನ ಬಗ್ಗೆಯೂ ಯುವಕ ಆ ಸಂಜೆ ನಾಲ್ಕು ಸಾಲು ಬರೆದ. ಕೆಳಗೆ ಮತ್ತೆ ಅದೇ ಫೋಟೋ.

ಕೆಲಸ ಕಳೆದುಕೊಂಡ ಮೇಷ್ಟ್ರು ಒಂದು ದಿನ ಕ್ಷಮೆ ಕೇಳಲು ಹುಡುಗಿಯ ಮನೆಗೆ ಬಂದರು. ಹೊಸ್ತಿಲಾಚೆಯೇ ನಿಂತು ಕೈಮುಗಿದರು. ಹುಡುಗಿ ಒಳಗಿನಿಂದ ಕೇಳಿದಳು:

"ಸಾರ್, ನಾನು ಚೆನ್ನಾಗಿ ಕುಣೀತೀನಿ ಅಂತ ತಾನೇ ಆ ಪಾತ್ರ ಕೊಟ್ಟಿದ್ದು?"

ಹೌದು ಎನ್ನಲು ಮೇಷ್ಟ್ರಿಗೆ ಬಾಯಿ ಬರಲಿಲ್ಲ. ಹುಡುಗಿಗೆ ಅಷ್ಟು ಸಾಕಾಯಿತು. ಅಂದಿನಿಂದ ಅವಳು ಮನೆಯೊಳಗೂ ಮಾಸ್ಕ್ ಹಾಕಿಕೊಳ್ಳತೊಡಗಿದಳು. ಅವಳು ಮುಚ್ಚಿಕೊಳ್ಳಬೇಕೆಂದಿದ್ದ ಕಣ್ಣು ಮಾತ್ರ ಮಾಸ್ಕಿನಿಂದ ಹೊರಗೇ ಉಳಿಯಿತು.

ಮುಂಗಾರು ಬಂತು. ಹಳೆಯ ಶಾಲೆಯ ಮೈದಾನದಲ್ಲಿ ಸುಣ್ಣದ ಗುರುತೂ ಉಳಿಯಲಿಲ್ಲ. ತಾಯಿ ಮಗಳನ್ನು ಊರಿನ ಇನ್ನೊಂದು ತುದಿಯ ಶಾಲೆಗೆ ಸೇರಿಸಿದಳು. ಅಲ್ಲಿ ಯಾರಿಗೂ ಅವಳ ಗುರುತು ಇರಲಾರದು ಎಂಬುದು ಪಾಪ ಆ ತಾಯಿಯ ಲೆಕ್ಕ. ಗಂಟೆ ಹೊಡೆಯುವ ಮುಂಚೆಯೇ ಮಕ್ಕಳು ಸುತ್ತುವರಿದರು.

"ಕೆಂಪು ರೌಂಡಿನವಳು ಇವಳೇ ಕಣೋ! ಕೊರೊನಾ!"

ಆ ಮಕ್ಕಳು ನಾಟಕ ನೋಡಿದವರಲ್ಲ. ಅಪ್ಪನ ಫೋನಿನಲ್ಲಿ, ಅಮ್ಮನ ಫೋನಿನಲ್ಲಿ ನೋಡಿದವರು. ಆ ಅಪ್ಪ ಅಮ್ಮಂದಿರೆಲ್ಲ ಛೇ, ಎಂಥ ಅನ್ಯಾಯ ಎಂದು ನೊಂದುಕೊಂಡೇ ಅದನ್ನು ಇನ್ನೊಬ್ಬರಿಗೆ ಕಳಿಸಿದ್ದವರು.

ಆ ವರ್ಷ ಹೊಸ ಶಾಲೆಯಲ್ಲಿ ನಾಟಕಕ್ಕೆ ಯಾರು ಯಾರು ಬರುತ್ತೀರಿ ಎಂದು ಕೇಳಿದರು. ಹುಡುಗಿ ಕೈ ಎತ್ತಲಿಲ್ಲ. ಎಲ್ಲರೂ ಸೇರಲೇಬೇಕು ಎಂದಾಗ ಎದ್ದು ನಿಂತು, ನನಗೆ ಮರದ ವೇಷ ಕೊಡಿ ಎಂದು ತಾನಾಗಿಯೇ ಕೇಳಿಕೊಂಡಳು.

ಗುರುಗಳು ಕತೆ ನಿಲ್ಲಿಸಿದರು. ಗುರುಪಾದ ಮೆಲ್ಲಗೆ ಕೇಳಿದ. "ಆದರೂ ಬುದ್ಧಿ, ಮೊದಲು ತಪ್ಪು ಮಾಡಿದವರು ಮೇಷ್ಟ್ರಲ್ಲವೇ?"

ಗುರುಗಳು ಕಣ್ಣು ತೆರೆದು ಅವನನ್ನು ನೋಡಿದರು.

"ಹೌದಪ್ಪ, ಅವರು ಎಳೆದ ಸುತ್ತು ಒಂದು ಮಳೆಗೆ ಹೋಯಿತು, ನೀನು ಎಳೆದದ್ದು ಯಾವ ಮಳೆಗೆ ಕಾಯುತ್ತಿದೆ?"