ಮುಟ್ಟಿದ ಮಂತ್ರಿ

"ಗುರುಗಳೇ, ಯಾರೂ ನೋಡದಿರುವಾಗ ನೇಮ ಮುರಿದರೆ ಯಾರಿಗೇನು ನಷ್ಟ?" ಎಂದು ಶಿಷ್ಯ ಕೇಳಿದ.

"ಅದಕ್ಕೊಂದು ಚದುರಂಗದ ಕತೆಯಿದೆ. ಚದುರಂಗದಲ್ಲಿ ನನ್ನನ್ನು ಸೋಲಿಸುವವನು ಇನ್ನೂ ಹುಟ್ಟಿಲ್ಲ. ಹುಟ್ಟಿದವರ ಜೊತೆ ನಾನು ಆಡಿಲ್ಲ, ಅಷ್ಟೆ. ಆದ್ದರಿಂದ ಬೇರೆಯವರ ಕತೆ ಹೇಳುತ್ತೇನೆ, ಕೇಳು" ಎಂದು ಗುರುಗಳು ಶುರು ಮಾಡಿದರು.

ಒಂದೂರಿನಲ್ಲಿ ಹಿರಿಯರ ಚದುರಂಗ ಪಂದ್ಯಾವಳಿ. ಕೊನೆಯ ಸುತ್ತಿನಲ್ಲಿ ಒಬ್ಬ ನಿವೃತ್ತ ಸ್ಟೇಷನ್ ಮಾಸ್ತರ, ಒಬ್ಬ ಜವಳಿ ವ್ಯಾಪಾರಿ ಎದುರುಬದುರು ಕೂತರು. ಗೆದ್ದವನಿಗೆ ಬೆಳ್ಳಿ ಕಪ್. ಪ್ರತಿ ವರ್ಷ ಅದು ವ್ಯಾಪಾರಿಯ ಮನೆಯ ದಾರಿಯನ್ನೇ ಹಿಡಿಯುತ್ತಿತ್ತು. ಸಾಯುವುದರೊಳಗೆ ಒಮ್ಮೆ ಅದನ್ನು ಎತ್ತಬೇಕೆಂದು ಮಾಸ್ತರನ ಆಸೆ.

"ಏನು ಮಾಸ್ತರೇ, ಈ ಸಲವೂ ಚಪ್ಪಾಳೆ ತಟ್ಟಲು ಬಂದಿರಾ?"

"ಇಲ್ಲ ಸಾಹುಕಾರರೇ, ನಿಮಗೆ ತಟ್ಟುವುದನ್ನು ಕಲಿಸೋಣವೆಂದು ಬಂದೆ."

ಹಿರಿಯರ ಪಂದ್ಯದಲ್ಲಿ ಕಾಯಿಗಳಿಗಿಂತ ಆಟಗಾರರ ಓಡಾಟವೇ ಹೆಚ್ಚು. ನಡುವೆ ವ್ಯಾಪಾರಿ ಬಚ್ಚಲಿಗೆ ಎದ್ದ. ತೀರ್ಪುಗಾರ ತೂಕಡಿಸುತ್ತಿದ್ದ. ಮಾಸ್ತರ ಮಂತ್ರಿಯ ತಲೆ ಹಿಡಿದ. ಹಿಡಿದ ಮೇಲೆ ಕಣ್ಣು ತೆರೆಯಿತು: ಕುದುರೆ ನಡೆಸಿದರೆ ಗೆಲುವು. ಮಂತ್ರಿ ಇದ್ದಲ್ಲೇ ಇದ್ದರೆ ಕ್ಷೇಮ, ಕದಲಿದರೆ ಎಲ್ಲಿ ಹೋದರೂ ಸಾವು. ಆದರೆ ಮುಟ್ಟಿದ ಕಾಯಿಯನ್ನೇ ನಡೆಸಬೇಕೆಂಬುದು ಪಂದ್ಯದ ನೇಮ.

ಸುತ್ತ ನೋಡಿದ. ಯಾರೂ ಕಂಡಿರಲಿಲ್ಲ. ಕೈ ಕುದುರೆಯ ಕಡೆ ಹೋಯಿತು, ನಿಂತಿತು. ಒಬ್ಬ ಪ್ರಯಾಣಿಕನೂ ಇಲ್ಲದ ಸ್ಟೇಷನ್ನಿನಲ್ಲಿ ನಿಂತು, ನಿಲ್ಲದೆ ಹೋಗುವ ರೈಲಿಗೂ ಹಸಿರು ಬಾವುಟ ತೋರಿಸಿದ ಕೈ ಅದು. ಮಂತ್ರಿಯನ್ನೇ ನಡೆಸಿತು. ಮಾಸ್ತರ ಪಂದ್ಯದ ಗಡಿಯಾರ ಒತ್ತಿ, ವ್ಯಾಪಾರಿಯ ಪಾಲಿನ ವೇಳೆ ಓಡಲು ಬಿಟ್ಟ; ಕಪ್ಪಿನ ಆಸೆ ಬಿಟ್ಟು, ಚಹಾ ತರಿಸಿದ.

ವ್ಯಾಪಾರಿ ಬಂದು ನೋಡುತ್ತಾನೆ, ಮಂತ್ರಿ ತಾನಾಗಿ ಆನೆಯ ಬಾಯಿಗೆ ಬಂದು ನಿಂತಿದೆ! ಈ ಮನುಷ್ಯ ಮಂತ್ರಿಯನ್ನು ಪುಕ್ಕಟೆ ಕೊಡುವವನೇ? ಎಲ್ಲೋ ಬಲೆಯಿದೆ. ಬಗ್ಗಿ ಹುಡುಕಿದ, ಓರೆಯಾಗಿ ಹುಡುಕಿದ, ಕನ್ನಡಕ ಒರೆಸಿಕೊಂಡು ಹುಡುಕಿದ. ಎದುರಿಗೆ ಮಾಸ್ತರ ನೆಮ್ಮದಿಯಾಗಿ ಚಹಾ ಹೀರುತ್ತಿದ್ದ. ಅದನ್ನು ಕಂಡು ವ್ಯಾಪಾರಿಗೆ ಇನ್ನಷ್ಟು ಬೆವರು. ಹುಡುಕುತ್ತಿರುವಾಗಲೇ ಅವನ ವೇಳೆ ಮುಗಿದು, ಆಟ ಮಾಸ್ತರನ ಪಾಲಾಯಿತು.

"ಬಲೆ ಎಲ್ಲಿತ್ತು ಮಾರಾಯರೇ?"

"ಎಲ್ಲಿಯೂ ಇರಲಿಲ್ಲ. ದುಡುಕಿ ಮುಟ್ಟಿದ್ದೆ, ನಡೆಸಿದೆ."

ವ್ಯಾಪಾರಿ ಹೊಟ್ಟೆ ಹಿಡಿದುಕೊಂಡು ನಕ್ಕ. ಕಪ್ಪನ್ನು ತಾನೇ ತಂದು ಮಾಸ್ತರನ ಕೈಗಿಟ್ಟು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಶಿಷ್ಯ ಹಿಗ್ಗಿದ. "ಹಾಗಾದರೆ ನೇಮ ಪಾಲಿಸಿದವನಿಗೇ ಗೆಲುವು, ಅಲ್ಲವೇ ಗುರುಗಳೇ?"

ಗುರುಗಳು ಕೇಳಿದರು: "ವ್ಯಾಪಾರಿ ಆ ಮಂತ್ರಿಯನ್ನು ಹೊಡೆದು ಗೆದ್ದಿದ್ದರೆ, ಮಾಸ್ತರ ಕುದುರೆಯನ್ನು ನಡೆಸಬೇಕಿತ್ತು ಅನ್ನುತ್ತಿದ್ದೆಯಾ?"